ಮೋರೇರ ಮನೆಯ ಬಾಗಿಲಲ್ಲಿ

ಇವತ್ತು ತಂಗಿಯ ಮನೆಯ ಕರೆಗಂಟೆ ಕೆಟ್ಟಿತ್ತು. ಬಾಗಿಲ ಮುಂದೆ ನಿಂತ ನನಗೆ ಹಿರೇಬೆಣಕಲ್ ಗುಡ್ಡದ ಬಿಸಿಲು ನೆನಪಾಯಿತು.

ಚಿಕ್ಕಂದಿನಲ್ಲಿ ಒಮ್ಮೆ ಕೊಟ್ಟೂರಿನಿಂದ ಬಾಡಿಗೆ ಮೆಟಡೋರ್‌ನಲ್ಲಿ ಮೋರೇರ ಮನೆ ನೋಡಲು ಹೋಗಿ ಸಂಜೆಗೆ ಮರಳುವವರಿದ್ದೆವು. ಜನ ಮೋರೇರು ಎನ್ನುವ ಸಾವಿರಾರು ವರ್ಷದ ಹಿಂದಿನವರು ಕಲ್ಲು ಚಪ್ಪಡಿ ನಿಲ್ಲಿಸಿ, ದುಂಡನೆಯ ಕಿಂಡಿ ಕೊರೆದ ಗೋರಿಗಳವು; ಅಜ್ಜಿಗೆ ಮಾತ್ರ ಮನೆಗಳೇ. ಅಪ್ಪ ಹೊತ್ತು ತಂದಿದ್ದ ನೀರಿನ ಹೂಜಿಯನ್ನು ಆರು ವರ್ಷದ ತಂಗಿ ಬೀಳಿಸಿ ಒಡೆದಳು. ತಿರುಗಿ ನೋಡುವಷ್ಟರಲ್ಲಿ ಅವಳೇ ಇಲ್ಲ.

“ಎಲ್ಲಿ ಅದೀಯಲೇ, ಹೊರಗ ಬಾ!” ಅಪ್ಪ ಗುಡ್ಡ ನಡುಗುವಂತೆ ಕೂಗಿದ. ಸದ್ದಿಲ್ಲ. ನೂರಾರು ಕಲ್ಲುಮನೆ, ಪಕ್ಕದಲ್ಲೇ ಕೆರೆ. ಅವ್ವ ಅಳತೊಡಗಿದಳು.

ಅಜ್ಜಿ ತಲೆಗೆ ಸೆರಗು ಹೊದ್ದು, ಒಂದೊಂದೇ ಕಿಂಡಿಯ ಮುಂದೆ ನಿಂತು ಕೇಳುತ್ತ ನಡೆದಳು: “ಮನ್ಯಾಗ ಯಾರದೀರಿ?”

“ಅವ್ವಾ, ಅವು ಗೋರಿ!” ಅಪ್ಪ ಸಿಡುಕಿದ.

“ಯಾರದೋ ಮನಿ ಐತಲ್ಲ, ಕೇಳೂದು ಬ್ಯಾಡೇನು?”

ಎಂಟನೆಯದೋ ಒಂಬತ್ತನೆಯದೋ ಕಿಂಡಿಯಿಂದ, ಮನೆಗೆ ಬಂದವರಿಗೆ ಹೇಳಲು ತಂಗಿಗೆ ಕಲಿಸಿದ್ದ ಉತ್ತರವೇ ಬಂತು: “ಅದೀವ್ರಿ, ಒಳಗ ಬರ್ರಿ!”

ಅಪ್ಪ ಕಾದ ಬಂಡೆಯ ಮೇಲೆ ಕುಸಿದು ಕೂತು ಅಳುತ್ತಲೇ ನಕ್ಕ. ಹೂಜಿಯ ಮಾತನ್ನು ಯಾರೂ ಎತ್ತಲಿಲ್ಲ.

“ಮನ್ಯಾಗ ಯಾರದೀರಿ?” ಇವತ್ತು ನಾನೂ ಕೂಗಿದೆ. ಐವತ್ತು ದಾಟಿದ ತಂಗಿಯ ದನಿ ಒಳಗಿನಿಂದ “ಅದೀವ್ರಿ” ಎಂದ ಮೇಲೆಯೇ, ಅಂದಿನಂತೆ ಹಿಡಿದಿದ್ದ ನನ್ನ ಉಸಿರು ಮರಳಿದ್ದು.