ಪುಟ್ಟಿ ಹಚ್ಚದ ಕೈ

ನಮ್ಮ ಯಜಮಾನರು ಯಾರನ್ನೂ ನಂಬುವವರಲ್ಲ. ಕಲ್ಲಂಗಡಿ ಹಣ್ಣನ್ನು ತಟ್ಟಿ ನೋಡುವುದು ಎಲ್ಲರಿಗೂ ಇರುವ ಅಭ್ಯಾಸ. ಇವರು ಬಾಡಿಗೆ ಮನೆ ನೋಡಲು ಹೋದಾಗ ಗೋಡೆಯನ್ನೂ ತಟ್ಟಿ, ಕಿವಿಗೊಟ್ಟು ಕೇಳಿ, "ಇಲ್ಲಿ ಬಿರುಕು ಮುಚ್ಚಿದ್ದೀರಿ" ಎಂದು ಮಾಲೀಕನ ಮುಖಕ್ಕೇ ಹೇಳಿದವರು. ಆ ಮನೆ ನಮಗೆ ಸಿಗಲಿಲ್ಲ. ಅದರ ನಂತರ ನೋಡಿದವೂ ಸಿಗಲಿಲ್ಲ. ಕೊನೆಗೆ ತಮ್ಮ ಕೆಲಸದ ಶೆಡ್ಡಿನ ಹಿಂದೆಯೇ ಎರಡು ಕೋಣೆ ಕಟ್ಟಿಸಿದರು. ಅದನ್ನು ಕಟ್ಟಿದ ಗಾರೆಯವನ ಮೇಲೆ ಅವರಿಗೆ ಇವತ್ತಿಗೂ ಅನುಮಾನ.

ಇವರು ಲಾರಿ ಟಿಂಕರ್. ಜಜ್ಜಿಹೋದ ಲಾರಿಗಳ ಮೈಯನ್ನು ಬಡಿದು ನೆಟ್ಟಗೆ ಮಾಡುವುದು ಕೆಲಸ. ಎಡಗೈಯಲ್ಲಿ ಸುತ್ತಿಗೆ ಹಿಡಿಯುವುದರಿಂದ ಎಲ್ಲರೂ ಎಡಗೈ ಮೇಸ್ತ್ರಿ ಎನ್ನುತ್ತಾರೆ. ಬೇರೆಯವರು ತಗ್ಗಾದ ಕಡೆ ಪುಟ್ಟಿ ಎನ್ನುವ ಲೇಪ ಮೆತ್ತಿ, ಮೇಲೆ ಬಣ್ಣ ಹೊಡೆದು ಕೈ ತೊಳೆದುಕೊಂಡರೆ, ಇವರು ತಗಡನ್ನೇ ಒಳಗಿನಿಂದ ಬಡಿದು ಮೊದಲಿನ ಮಟ್ಟಕ್ಕೆ ತರುತ್ತಾರೆ. "ಪುಟ್ಟಿ ಮೆತ್ತೋನು ಟಿಂಕರ್ ಅಲ್ಲ, ಗೋಡೆ ಸಾರಿಸೋನು" ಎನ್ನುವ ಮಾತನ್ನು ನಾನು ಊಟದ ತಟ್ಟೆಯ ಮುಂದೆ ಎಷ್ಟು ಸಲ ಕೇಳಿದ್ದೇನೋ.

ಹಾವಿನ ಹೆಜ್ಜೆ ಹಾವೇ ಬಲ್ಲದು. ಹಳೇ ಲಾರಿ ಕೊಳ್ಳುವವರೆಲ್ಲ ಇವರನ್ನು ಕರೆದುಕೊಂಡು ಹೋಗುತ್ತಾರೆ. ಇವರ ಜೇಬಿನಲ್ಲಿ ಹಳೇ ಕಾಲುಚೀಲದೊಳಗೆ ಒಂದು ಅಯಸ್ಕಾಂತ ಇರುತ್ತದೆ. ತಗಡಿಗೆ ಅದು ಕಚ್ಚಿಕೊಳ್ಳುತ್ತದೆ, ಪುಟ್ಟಿಯ ಮೇಲೆ ಜಾರಿ ಬೀಳುತ್ತದೆ. ಅದು ಬಿದ್ದಾಗ ಇವರ ಮುಖದಲ್ಲಿ ಬರುವ ಸಂತೋಷ ನಮ್ಮ ಮಗಳು ಹುಟ್ಟಿದ ದಿನವೂ ಬಂದಿರಲಿಲ್ಲ.

ಈ ಅನುಮಾನ ಶೆಡ್ಡಿನಲ್ಲೇ ಇದ್ದಿದ್ದರೆ ನನಗೇನೂ ತಕರಾರಿರಲಿಲ್ಲ. ಮಗಳು ಹೈಸ್ಕೂಲಿನಲ್ಲಿದ್ದಾಗ ಅವಳು ಹೊದೆಯುವ ನೇರಳೆ ಹೂವಿನ ದಪ್ಪ ದುಪ್ಪಟಿ ಒಣಹಾಕಿದ ಹಗ್ಗದಿಂದ ಮಾಯವಾಯಿತು. ನಾನು ಮನೆಯೆಲ್ಲ ಹುಡುಕಿದೆ. ಇವರು ಟೀ ಕುಡಿಯುತ್ತ, ಪಕ್ಕದ ಮನೆಯ ಕಡೆ ಗಲ್ಲ ತೋರಿಸಿ, "ಟೈಲರ್ ಮನೇಲಿ ಯಾವ ಬಟ್ಟೆ ಯಾರದು ಅಂತ ಯಾರಿಗೆ ಗೊತ್ತಾಗುತ್ತೆ" ಎಂದರು. ಅಷ್ಟೇ ಸಾಕಾಯಿತು. ಅಂದಿನಿಂದ ಟೈಲರ್ ಅಕ್ಕನ ಹತ್ತಿರ ಬಟ್ಟೆ ಹೊಲಿಸುವುದನ್ನು ನಿಲ್ಲಿಸಿದೆ. ಆಕೆಯೂ ಏನೆಂದು ಕೇಳದೆ ಮಾತು ಬಿಟ್ಟಳು.

ಮಗಳು ಈಗ ಲಾರಿ ಓಡಿಸುತ್ತಾಳೆ. ಲಾರಿಗಳ ಮಧ್ಯೆ ಬೆಳೆದವಳು ಇನ್ನೇನು ಮಾಡುತ್ತಾಳೆ. ಅವಳು ಓಡಿಸುತ್ತಿದ್ದ ಗಾಡಿಯ ಮಾಲೀಕ ಗಾಡಿಗಳನ್ನೆಲ್ಲ ಮಾರಿ ವ್ಯಾಪಾರ ಮುಚ್ಚಲು ಹೊರಟಿದ್ದ. ಅಷ್ಟರೊಳಗೆ ಸ್ವಂತದ್ದೊಂದು ಸಿಗದಿದ್ದರೆ ಅವಳು ಹಿಡಿದಿದ್ದ ಸರಕಿನ ಬಾಡಿಗೆ ಬೇರೆಯವರ ಪಾಲಾಗುತ್ತಿತ್ತು. ಆದರೆ ನೋಡಿದ ಲಾರಿಗಳನ್ನೆಲ್ಲ ಇವರು ಬೇಡ ಎಂದರು. ಒಂದರ ಬಾಗಿಲ ಸಂದು ಮೇಲೆ ಅಗಲ, ಕೆಳಗೆ ಕಿರಿದು. ಇನ್ನೊಂದರ ರಬ್ಬರಿನ ಮೇಲೆ ಬಣ್ಣದ ಧೂಳು. ಮತ್ತೊಂದರ ಬೋಲ್ಟುಗಳ ಮೇಲೆ ಸ್ಪ್ಯಾನರ್ ಕಚ್ಚಿದ ಗುರುತು. ಎಲ್ಲವೂ ಗುದ್ದಿಸಿಕೊಂಡು ರಿಪೇರಿಯಾದ ಗಾಡಿಗಳಂತೆ.

"ಅಪ್ಪ, ನಿಂಗೆ ಬೇಕಾಗಿರೋದು ಲಾರಿ ಅಲ್ಲ, ತಪ್ಪು" ಎಂದಳು ಮಗಳು.

"ಹಗಲು ಅದನ್ನ ಓಡಿಸೋಳು ನೀನು, ರಾತ್ರಿ ಅದರಲ್ಲೇ ಮಲಗೋಳು ನೀನು. ತಪ್ಪು ಹುಡುಕದೆ ಇನ್ನೇನು ಹುಡುಕಲಿ?"



ಹಾಗಿರುವಾಗ ಒಂದು ಬೆಳಗ್ಗೆ ದಲ್ಲಾಳಿ ಒಂದು ನೀಲಿ ಲಾರಿ ತಂದು ಶೆಡ್ಡಿನ ಮುಂದೆ ನಿಲ್ಲಿಸಿದ. ಮಾತಿನ ನಯಕ್ಕೆ ಅವನನ್ನು ಎಲ್ಲರೂ ಬೆಣ್ಣೆ ಎನ್ನುತ್ತಾರೆ.

"ಮೇಸ್ತ್ರೀ, ಇದಕ್ಕೆ ಒಂದು ಗೀರಿಲ್ಲ ನೋಡಿ."

"ಗೀರಿಲ್ಲದ ಲಾರಿ ಅಂದ್ರೆ ಒಂದೋ ಓಡಿಲ್ಲ, ಇಲ್ಲಾ ಮುಚ್ಚಿದ್ದಾರೆ" ಎಂದು ಇವರು ಕಾಲುಚೀಲ ಹೊರತೆಗೆದರು.

ನಾನು ಟೀ ಹಿಡಿದು ಬಾಗಿಲಲ್ಲಿ ನಿಂತೆ. ಇವರು ಲಾರಿಯ ಹಿಂದಿನ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ, ಮೈಯ ಉದ್ದಕ್ಕೂ ನೋಡಿದರು. ತಗಡು ಏರುಪೇರಾಗಿದ್ದರೆ ಅದರ ಹೊಳಪಿನಲ್ಲಿ ಕಾಣುವ ಕಾಂಪೌಂಡು ಗೋಡೆ ಅಲುಗಿದಂತೆ ಕಾಣುತ್ತದೆ. ಅಲುಗಲಿಲ್ಲ. ಅಯಸ್ಕಾಂತ ಎಲ್ಲೂ ಜಾರಲಿಲ್ಲ. ಕ್ಯಾಬಿನ್ನಿನ ಮ್ಯಾಟ್ ಎತ್ತಿ ಮೂಸಿದರು. ಚಾಸಿಯ ಕೆಳಗೆ ಮಲಗಿ ಎದ್ದರು. ಕ್ಯಾಬಿನ್ನಿನ ಛಾವಣಿ ಹೊರುವ ಬಾಗಿಲ ಕಂಬಗಳನ್ನು ಗೆಣ್ಣಿನಿಂದ ತಟ್ಟಿ ಕಿವಿಗೊಟ್ಟರು. ಎರಡೂ ಕಡೆ ಒಂದೇ ಸದ್ದು. ಡ್ರೈವರ್ ಬಾಗಿಲ ಹಿಂದಿನ ಕಂಬದ ಮೇಲಂತೂ ಬೆರಳನ್ನು ಮೇಲಿನಿಂದ ಕೆಳಗೆ ನಿಧಾನ ಎಳೆದರು. ಕರುವಿನ ಬೆನ್ನು ಸವರಿದ ಹಾಗಿತ್ತು.

"ತಗೊಳ್ಳೋಣ" ಎಂದರು.

ಬೆಣ್ಣೆ ಕೂಡ ಬಾಯಿ ತೆರೆದುಕೊಂಡು ನಿಂತ. ಇಷ್ಟು ವರ್ಷ ಸಂಸಾರ ಮಾಡಿದ್ದೇನೆ, ಈ ಮನುಷ್ಯ ಏನನ್ನೂ ಮೊದಲ ಸಲಕ್ಕೆ ಒಪ್ಪಿದ್ದನ್ನು ಕಂಡಿಲ್ಲ. ಇವರಿಗೆ ಅನುಮಾನ ಬಾರದಿದ್ದದ್ದೇ ನನಗೆ ಅನುಮಾನವಾಯಿತು. ಮಗಳಿಗೂ ಹಾಗೇ ಅನಿಸಿರಬೇಕು. ಕ್ಯಾಬಿನ್ ಹತ್ತಿ, ಅಪ್ಪ ನೋಡಿದ ಜಾಗಗಳನ್ನೆಲ್ಲ ಮತ್ತೆ ನೋಡತೊಡಗಿದಳು. ಅದೇ ಕಂಬದ ಅಂಚಿನ ರಬ್ಬರನ್ನು ಉಗುರಿನಿಂದ ಎಬ್ಬಿಸಿ ಎಳೆದಳು.

"ಅಪ್ಪ, ಇಲ್ಲಿ ಬಾ. ಅರದ ಗೆರೆ ಇದೆ."

ಬೆಸುಗೆ ಹಾಕಿದ ಮೇಲೆ ಅದರ ಉಬ್ಬನ್ನು ಅರದಿಂದ ಉಜ್ಜಿ ಸಮ ಮಾಡುತ್ತಾರೆ. ಉಜ್ಜಿದ ಕೈಯ ಓರೆ ತಗಡಿನ ಮೇಲೆ ಗೀಟಾಗಿ ಉಳಿಯುತ್ತದೆ. ಹೊರಗೆಲ್ಲ ಬಣ್ಣ ಮುಚ್ಚಿತ್ತು. ರಬ್ಬರಿನ ಅಡಿಯಲ್ಲಿ ಮಾತ್ರ ಬಣ್ಣ ತೆಳು. ಆ ಗೀಟುಗಳು ಎಲ್ಲರ ಹಾಗೆ ಒಂದು ಕಡೆಗೆ ವಾಲದೆ, ಅದಕ್ಕೆ ತಿರುವುಮುರುವಾಗಿ ವಾಲಿದ್ದವು.

"ಇದು ಎಡಗೈ" ಎಂದಳು.

ಇವರು ಬಗ್ಗಿ ನೋಡಿದರು. ಟೀ ತಣ್ಣಗಾಗುವವರೆಗೂ ನೋಡಿದರು. ತನ್ನ ಬೆನ್ನು ತನಗೆ ಕಾಣದು ಎಂಬುದು ಸುಳ್ಳಲ್ಲ. ಬೇರೆಯವರ ಕೆಲಸವೆಲ್ಲ ಮುಳ್ಳಿನ ಹಾಗೆ ಚುಚ್ಚುವ ಆ ಬೆರಳಿಗೆ ತನ್ನದೇ ಕೆಲಸ ಮಾತ್ರ ಏನೂ ಚುಚ್ಚಿರಲಿಲ್ಲ.

"ಆಗ ಹಸಿರು ಬಣ್ಣ ಇತ್ತು" ಎಂದರು ಕೊನೆಗೆ. "ಡ್ರೈವರ್ ಬದಿ ಪೂರ್ತಿ ಚಪ್ಪಟೆ. ಬೇರೆ ಗಾಡಿಯ ಕಂಬ ಕತ್ತರಿಸಿ ತಂದು ಜೋಡಿಸಿದ್ದೆ."

"ಒಳಗೆ ಪಟ್ಟಿ ಕೊಟ್ಟಿದ್ದೀಯಾ?"

ಕಂಬಕ್ಕೆ ಕಂಬ ಸೇರಿಸಿದರೆ ಒಳಗಡೆ ದಪ್ಪ ಕಬ್ಬಿಣದ ಪಟ್ಟಿ ಕೊಡಲೇಬೇಕು. ಇಲ್ಲದಿದ್ದರೆ ಗಾಡಿ ಉರುಳಿದ ದಿನ ಬೆಸುಗೆ ಬಾಯಿ ಬಿಟ್ಟು, ಕ್ಯಾಬಿನ್ ಒಳಗಿದ್ದವರ ಮೇಲೆ ಮಡಚಿಕೊಳ್ಳುತ್ತದೆ. ಶೆಡ್ಡಿನ ಹಿಂದೆ ಬಾಳಿದ ನನಗೇ ಇದು ಗೊತ್ತು.

"ಕೊಟ್ಟಿರ್ತೀನಿ."

"ಕೊಟ್ಟಿದ್ದೀಯೋ, ಕೊಟ್ಟಿರ್ತೀಯೋ?"

ಬೆಣ್ಣೆ ನಕ್ಕ. "ಏನ್ ಮೇಸ್ತ್ರೀ, ನಿಮ್ಮ ಕೈಮೇಲೆ ನಿಮಗೇ ನಂಬಿಕೆ ಇಲ್ವಾ? ನೀವೇ ಕಂಡುಹಿಡೀದೇ ಇದ್ದದ್ದನ್ನ ಇನ್ಯಾರು ಕಂಡುಹಿಡೀತಾರೆ? ಬೇಡ ಅಂದ್ರೆ ಬಿಡಿ, ನಾಳೆ ಬೇರೆಯವರು ಬರ್ತಾರೆ."

ಇವರು ಮಗಳ ಕಡೆ ನೋಡಿದರು. ಅವಳ ಉಗುರು ಇನ್ನೂ ಆ ಗೀಟುಗಳ ಮೇಲೇ ಇತ್ತು.

"ತೆರೆದು ನೋಡ್ಬೇಕು" ಎಂದರು. "ಪಟ್ಟಿ ಇದ್ರೆ ಇದ್ದ ಹಾಗೇ ಮುಚ್ಚಿ ಕೊಡ್ತೀನಿ. ಇಲ್ಲದಿದ್ರೆ ಹೊಸದಾಗಿ ಮಾಡಿ ಕೊಡ್ತೀನಿ. ಖರ್ಚು ನಂದು. ಮಾಲೀಕನಿಗೆ ಫೋನ್ ಮಾಡು."

ಬೆಣ್ಣೆ ದೂರ ಹೋಗಿ ಫೋನಿನಲ್ಲಿ ಏನೇನೋ ಮಾತಾಡಿ, ತಲೆಯಾಡಿಸುತ್ತ ಬಂದ. ನಷ್ಟ ತಮಗಲ್ಲ ಎಂದ ಮೇಲೆ ಯಾರು ಬೇಡ ಅನ್ನುತ್ತಾರೆ.

ಇವರು ಗ್ರೈಂಡರ್ ಹಿಡಿದು ತಮ್ಮ ಕೆಲಸವನ್ನು ತಾವೇ ಕೊಯ್ದರು. ಕಿಡಿ ಹಾರಿತು, ನೀಲಿಯ ಅಡಿಯಿಂದ ಹಸಿರು ಹೊರಬಿತ್ತು. ಕೊಯ್ದ ತಗಡನ್ನು ಇಕ್ಕಳದಿಂದ ಬಗ್ಗಿಸಿದಾಗ ಸುಟ್ಟ ಬಟ್ಟೆಯ ವಾಸನೆ ಬಂತು. ಮಗಳು ಕೈ ಹಾಕಿ ಎಳೆದಳು. ಎಳೆದಷ್ಟೂ ಬಂತು. ಗ್ರೀಸಿನ ಕಲೆ, ತುಕ್ಕಿನ ಕಲೆ, ಅದರ ನಡುವೆ ನೇರಳೆ ಹೂವು.

ಪಟ್ಟಿ ಇರಲಿಲ್ಲ.

"ಇದು ನನ್ನ ದುಪ್ಪಟಿ" ಎಂದಳು ಮಗಳು, ಸಣ್ಣ ದನಿಯಲ್ಲಿ.

ಇವರು ನೆಲ ನೋಡುತ್ತ ಹೇಳಿದರು. "ಈ ಗಾಡಿಯ ಆಗಿನ ಮಾಲೀಕನಿಗೆ ಮಾರೋ ಅವಸರ. ಪಟ್ಟಿ ಇಲ್ಲದ ಕಂಬ ತಟ್ಟಿದ್ರೆ ಡಬ್ಬದ ಸದ್ದು ಬರುತ್ತೆ. ಕೊಳ್ಳೋಕೆ ಬರೋರು ತಟ್ಟಿ ನೋಡ್ತಾರೆ ಅಂತ... ಹಗ್ಗದ ಮೇಲೆ ಇತ್ತು. ಎಳ್ಕೊಂಡೆ."

ನನಗೆ ಬಂದ ಸಿಟ್ಟು ಇಷ್ಟು ಅಷ್ಟಲ್ಲ. "ಪುಟ್ಟಿ ಮೆತ್ತೋನು ಗೋಡೆ ಸಾರಿಸೋನು. ಮಗಳ ಹೊದಿಕೆ ತುರುಕೋನು ಏನು? ಯಾರ ಮನೆ ಮಕ್ಕಳೋ ಇಷ್ಟು ವರ್ಷ ಇದರಲ್ಲಿ ಮಲಗಿ ಎದ್ದಿದ್ದಾರೆ. ಅದೂ ಸಾಲದು ಅಂತ ಪಾಪದ ಟೈಲರ್ ಅಕ್ಕನ ತಲೆಗೆ ಕಟ್ಟಿದ್ರಲ್ಲ" ಎಂದೆ. ಇನ್ನೂ ಏನೇನೋ ಅಂದೆ, ಅದೆಲ್ಲ ಇಲ್ಲಿ ಬೇಡ.

ಆ ದುಪ್ಪಟಿಯನ್ನು ಇವರ ಕೈಯಲ್ಲೇ ಹಿಡಿಸಿ ಪಕ್ಕದ ಮನೆಗೆ ಕಳಿಸಿದೆ. ಹಿಂದೆಯೇ ನಾನೂ ಹೋದೆ. ಟೈಲರ್ ಅಕ್ಕ ಎಲ್ಲ ಕೇಳಿ, ಮಿಷನ್ನಿನ ಮೇಲಿಂದ ಕಣ್ಣೆತ್ತದೆ, "ನಾನು ನಿಮ್ಮ ಬ್ಲೌಸ್ ಅಳತೆ ಕೆಡಿಸಿದ್ದೆ, ಅದಕ್ಕೇ ಸಿಟ್ಟು ಅಂದ್ಕೊಂಡಿದ್ದೆ" ಎಂದಳು. ನನಗೆ ಅಳು ಬಂದುಬಿಟ್ಟಿತು.

ಇವರು ಇಡೀ ಕಂಬವನ್ನು ಹೊಸದಾಗಿ ತಂದು ಕೂರಿಸಿದರು. ಒಳಗಡೆ ಬೆಸುಗೆಯ ಎರಡೂ ಕಡೆಗೆ ಬರುವಷ್ಟು ಉದ್ದದ ಪಟ್ಟಿ ಕೊಟ್ಟರು. ಕೊನೆಯ ತಗಡು ಮುಚ್ಚುವ ಮೊದಲು ಸುತ್ತಿಗೆ ಕೆಳಗಿಟ್ಟು ಮಗಳನ್ನು ಕರೆದರು. ಬೆಣ್ಣೆ ಹೊತ್ತಾಯಿತೆಂದು ಗೊಣಗುತ್ತ ಪಕ್ಕದಲ್ಲಿ ನಿಂತಿದ್ದ.

"ಮುಚ್ಚಿದ ಮೇಲೆ ಯಾರಿಗೂ ಕಾಣಲ್ಲ. ಈಗಲೇ ಕೈ ಹಾಕಿ ನೋಡು."

ಅವಳು ಮೊಣಕೈವರೆಗೂ ಕೈ ಇಳಿಸಿ, ಪಟ್ಟಿಯ ತುದಿಯಿಂದ ತುದಿಗೆ ತಡವಿ ನೋಡಿದಳು. ಇವರು ಅಂಗೈ ಒರೆಸಿಕೊಳ್ಳುತ್ತ, ಗಾಡಿ ಮಾರಲು ಬಂದವರ ಹಾಗೆ ಅವಳ ಮುಖವನ್ನೇ ನೋಡುತ್ತ ನಿಂತರು. ಅವಳು ಕೈ ಹೊರತೆಗೆದಳು. ಅಪ್ಪನನ್ನು ಒಮ್ಮೆ ನೋಡಿ, ಮತ್ತೆ ಕೈ ಒಳಗೆ ಹಾಕಿದಳು.