ಶಾಂತಕ್ಕನ ಸುಸಲಾ, ಆಯಿಯ ಹಲ್ಲು

ಆಗೆಲ್ಲ ನಮ್ಮ ಕಡೆ ಹೊರಗೆ ಹೋಗಿ ಉಣ್ಣುವುದು ಅಂದರೆ ಒಂದೋ ಜಡ್ಡು, ಇಲ್ಲವೇ ಕೋರ್ಟು. ಆರಾಮ ಇದ್ದವರು ಮನೆಯಲ್ಲಿ ಉಣ್ಣುತ್ತಿದ್ದರು. ಹೋಟೆಲಿನಿಂದ ಯಾರಾದರೂ ಹೊರಬರುವುದನ್ನು ಕಂಡರೆ, "ಯಾಕ, ಮನ್ಯಾಗ ಎಲ್ಲಾ ಬರೋಬ್ಬರಿ ಅದ ಇಲ್ಲ?" ಎಂದು ಕೇಳುವ ಕಾಲ.

ಈಗ ಐತಾರದ ರಜೆ ಬಂತೆಂದರೆ ಬಸವಕಲ್ಯಾಣದ ನಮ್ಮ ಮನೆಯಲ್ಲಿ ಮಗಳು ಫೋನು ಹಿಡಿದು ಕೂಡುತ್ತಾಳೆ. ಅವ್ವಾ, ಇವತ್ತು ಬ್ರಂಚಿಗೆ ಎಲ್ಲಿಗೆ ಹೋಗೋಣು ಅನ್ನುತ್ತಾಳೆ. ನಾಷ್ಟಾನೂ ಅಲ್ಲದ, ಊಟಾನೂ ಅಲ್ಲದ, ಹತ್ತು ಹನ್ನೊಂದರ ಹೊತ್ತಿಗೆ ಉಣ್ಣುವುದಕ್ಕೆ ಹಾಗೊಂದು ಹೆಸರಿದೆ ಎಂದು ನನಗೆ ಆಕೆಯಿಂದಲೇ ಗೊತ್ತಾದದ್ದು. ಹೆಸರು ಗೊತ್ತಿರಲಿಲ್ಲ ಅಷ್ಟೇ, ಉಂಡದ್ದೇನು ಕಡಿಮೆಯಲ್ಲ. ನಾನು ಐದನೇತ್ತೆ ಕಲಿಯುವಾಗ ಶ್ರಾವಣದಿಂದ ದಸರೆಯ ತನಕ ಐತಾರಕ್ಕೊಮ್ಮೆ ಆಯಿಯ ಸಂಗಡ ಹುಮನಾಬಾದಿಗೆ ಹೋಗಿ ಅದನ್ನೇ ಉಂಡು ಬರುತ್ತಿದ್ದೆ. ಆಯಿ ಅಂದರೆ ನಮ್ಮ ಅಪ್ಪನ ಅವ್ವ.

ನಮ್ಮದು ಕೊಡಂಬಲ. ಆ ವರ್ಷ ಬ್ಯಾಸಗಿಯೊಳಗೆ ಆಯಿಯ ಹಲ್ಲು ಒಂದೊಂದಾಗಿ ಅಲುಗಾಡಿ ಬಿದ್ದವು. ಉಳಿದ ಎರಡು ಮೂರನ್ನು ಹುಮನಾಬಾದಿನ ಡಾಕ್ಟರು ಕಿತ್ತರು. ಜೋಳದ ಖಡಕ್ ರೊಟ್ಟಿ, ಹಸಿ ಉಳ್ಳಾಗಡ್ಡಿ, ಶೇಂಗಾದ ಹಿಂಡಿ ಇದ್ದರೆ ಹಬ್ಬ ಅನ್ನುತ್ತಿದ್ದವಳು ನುಚ್ಚು, ಅಂಬಲಿಗೆ ಇಳಿದಳು. ರೊಟ್ಟಿಯನ್ನು ಬ್ಯಾಳಿಯಲ್ಲಿ ನೆನೆಸಿ ಕೊಟ್ಟರೆ, "ಇದು ಎಮ್ಮಿಗಿ ಹಾಕೋ ಮುಸುರಿ ಆತಲ್ಲವ್ವಾ" ಎಂದು ತಾಟು ಸರಿಸುತ್ತಿದ್ದಳು. ಶ್ರಾವಣ ಬರುವುದರೊಳಗೆ ಆಯಿಯ ಕುಪ್ಪಸದ ತೋಳುಗಳನ್ನು ಅವ್ವ ಎರಡು ಸಲ ಬಿಚ್ಚಿ ಸಣ್ಣ ಮಾಡಿ ಹೊಲಿದಿದ್ದಳು. ಹೀಂಗೇ ಆದರ ಮುದುಕಿ ಚಳಿಗಾಲ ಕಾಣಾಂಗಿಲ್ಲ ಅಂತ ಅವ್ವ ಅಪ್ಪನ ಮುಂದೆ ಮೆಲ್ಲಗೆ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ಹೆಸರುಕಾಳಿನ ರಾಶಿ ಆಗಿ ರೊಕ್ಕ ಬಂದ ಕೂಡಲೇ ಅಪ್ಪ, ಏನಾದರಾಗಲಿ ಅವ್ವಗ ಹಲ್ಲು ಕಟ್ಟಿಸೋಣು ಅಂದ.

ಕಲಬುರ್ಗಿಯಿಂದ ಹಲ್ಲು ಕಟ್ಟುವ ಡಾಕ್ಟರು ಹುಮನಾಬಾದಿಗೆ ಬರುವುದು ಐತಾರ ಮಾತ್ರ. ಅಪ್ಪನಿಗೆ ಹೊಲ, ಅವ್ವನಿಗೆ ಮನೆ. ಆಯಿಗೆ ಬಸ್ಸಿನ ಬೋರ್ಡು ಓದಲು ಬರದು. ಹಾಗಾಗಿ ಓದಲಿಕ್ಕೆ ನಾನು.

ಮುಂಜಾನೆ ಆಯಿ ಸ್ನಾನ, ಲಿಂಗಪೂಜೆ ಮುಗಿಸಿ, ಹಣೆಯ ತುಂಬ ವಿಭೂತಿ ಧರಿಸಿ ತಯಾರಾಗುತ್ತಿದ್ದಳು. ಆದರೆ ಏನೂ ತಿನ್ನುತ್ತಿರಲಿಲ್ಲ. ಡಾಕ್ಟರು ತಿನ್ನಬೇಡ ಅಂದಿದ್ದರೆಂದಲ್ಲ. "ಒಬ್ಬ ಮನಶ್ಯಾ ಬಾಯಾಗ ಕೈ ಹಾಕ್ತಾನ, ಅವನಿಗಿ ಎಂಜಲ ಬಾಯಿ ಹಿಡೀಬೇಕೇನು?" ಎಂಬುದು ಆಕೆಯ ಮಾತು. ಅವ್ವ ನನಗೆ ಒಂದು ರೊಟ್ಟಿ ಸುತ್ತಿ ಕೊಡಲು ಬಂದರೆ ನಾನೂ ಒಲ್ಲೆ ಅನ್ನುತ್ತಿದ್ದೆ. ಉಪವಾಸ ಇದ್ದವರ ಎದುರಿಗೆ ಹ್ಯಾಂಗ ಉಣ್ಣುವುದು? ಖರೆ ಹೇಳಬೇಕೆಂದರೆ, ಹೊಟ್ಟೆ ಖಾಲಿ ಇಟ್ಟುಕೊಂಡಷ್ಟೂ ಮುಂದೆ ಲಾಭ ಎಂದು ನನಗೆ ಮೊದಲ ಐತಾರವೇ ತಿಳಿದಿತ್ತು.

ಯಾಕೆಂದರೆ ಡಾಕ್ಟರ ಕೆಲಸ ಮುಗಿದ ಮೇಲೆ ನಾವು ಹೋಗುವುದು ಶಾಂತಕ್ಕನ ಹೋಟೆಲಿಗೆ. ಡಾಕ್ಟರಲ್ಲಿ ಪಾಳಿ ಹಚ್ಚಿ, ಬೇರೆ ಪೇಶೆಂಟುಗಳ ಮಕ್ಕಳ ಜೋಡಿ ಮೆಟ್ಟಿಲ ಮೇಲೆ ಗಜಗ ಆಡಿ, ಆಯಿ ಹೊರಗೆ ಬರುವಾಗ ಹತ್ತು ದಾಟಿರುತ್ತಿತ್ತು. ಬಸ್‌ಸ್ಟ್ಯಾಂಡಿನ ಹಿಂದೆ ಬೇವಿನ ಗಿಡದ ಬುಡಕ್ಕೆ ಒಂದು ತಗಡಿನ ಶೆಡ್ಡು, ಎರಡು ಬೆಂಚು, ಅದೇ ಹೋಟೆಲು. ಬೋರ್ಡು ಇರಲಿಲ್ಲ, ವಾಸನೆಯೇ ಬೋರ್ಡು. ಮಳೆಗೆ ತೊಯ್ದ ಕಟ್ಟಿಗೆಯ ಹೊಗೆ, ಕಾದ ಎಣ್ಣೆ, ಕಡ್ಲಿಹಿಟ್ಟಿಗೆ ಬಿದ್ದ ಅಜವಾನದ ಘಮ. ಹೋಗಿ ಕೂಡುವ ಮೊದಲೇ ಬಾಯಿ ತುಂಬ ನೀರು.

ಶಾಂತಕ್ಕ ಒಲೆಯ ಹಿಂದೆ, ನಮಗೆ ಎದುರಾಗಿ ಕೂತು ಕರಿಯುತ್ತಿದ್ದಳು. ಹಣೆಗೆ ವಿಭೂತಿ, ಕೊರಳಲ್ಲಿ ರುದ್ರಾಕ್ಷಿ. ಅಂದಿನ ಮೊದಲ ಮಿರ್ಚಿ ಭಜಿ ಒಲೆಯ ಪಕ್ಕದ ದೇವರ ಫೋಟೋದ ಮುಂದೆ. ಆಮೇಲೆ ಗಿರಾಕಿಗೆ. ಹೊರಗಿನದು ಅಂದರೆ ಮೂಗು ಮುರಿಯುತ್ತಿದ್ದ ನಮ್ಮ ಆಯಿ ಅದೊಂದನ್ನು ನೋಡಿಯೇ ಆ ಬೆಂಚಿನ ಮೇಲೆ ಕೂತವಳು. ಕೂತ ಮೇಲೆ ಆಯಿಯ ಕಣ್ಣು ಮಾತ್ರ ಶಾಂತಕ್ಕನ ಹಲ್ಲಿನ ಮೇಲೆ. ಸಾಲಾಗಿ, ಮಲ್ಲಿಗೆ ಮೊಗ್ಗು ಪೋಣಿಸಿದ ಹಾಗೆ ಇದ್ದವು.

"ನೋಡು ಮಾದೇವಿ," ಎಂದು ನನ್ನನ್ನು ಮೊಣಕೈಯಿಂದ ತಿವಿದು ಹೇಳುತ್ತಿದ್ದಳು, "ಆಕಿ ನನ್ನಕಿಂತ ನಾಕು ವರ್ಷ ಸಣ್ಣಾಕಿ ಇದ್ದಾಳು. ಹಲ್ಲು ಹ್ಯಾಂಗ ಅದಾವ ನೋಡು. ದೇವರು ಯಾರಿಗಿ ಉಳಸ್ತಾನ ಅವರಿಗಿ ಉಳಸ್ತಾನ."

ಸುಸಲಾ ಬರುತ್ತಿತ್ತು. ಚುರುಮುರಿಯನ್ನು ನೀರಲ್ಲಿ ತೋಯಿಸಿ ಹಿಂಡಿ, ಉಳ್ಳಾಗಡ್ಡಿ, ಹಸಿಮೆಣಸು, ಅರಿಶಿಣದ ಒಗ್ಗರಣೆ ಕೊಟ್ಟು, ಮೇಲೆ ಹುರಿದ ಪುಠಾಣಿ ಕಡ್ಲಿಯ ಹಿಟ್ಟು ಉದುರಿಸಿದ್ದು. ಆಯಿಯದಕ್ಕೆ ಚುರುಮುರಿ ಇನ್ನಷ್ಟು ಹೊತ್ತು ನೆನೆದಿರುತ್ತಿತ್ತು, ಮೆಣಸಿನ ಚೂರು ಇರುತ್ತಿರಲಿಲ್ಲ. ಯಾರೂ ಹಾಗೆ ಮಾಡು ಅಂದಿರಲಿಲ್ಲ. ಅದರ ಪಕ್ಕಕ್ಕೆ ಸುಡುಸುಡು ಮಿರ್ಚಿ. ಆಯಿ ತನ್ನ ಪಾಲಿನದನ್ನು ಕೈಯಲ್ಲಿ ಹಿಡಿದು, ಮೂಗಿನ ಹತ್ತಿರ ತಂದು, ಉಸಿರು ತುಂಬ ಮೂಸಿ, ನನ್ನ ತಾಟಿಗೆ ಹಾಕುತ್ತಿದ್ದಳು. "ಹಲ್ಲು ಬರಲಿ. ಆವಾಗ ನಿನಗ ಒಂದೂ ಕೊಡಾಂಗಿಲ್ಲ, ನೋಡ್ತಾ ಇರು ಪೋರಿ." ಆ ಮಾತಿಗೆ ಶಾಂತಕ್ಕ ಒಲೆಯ ಹಿಂದಿನಿಂದ ನಗುತ್ತಿದ್ದಳು.

ಹಲ್ಲಿನ ಅಳತೆ ತಗೊಂಡಾಯಿತು. ಒಸಡು ಮಾಯುವ ತನಕ ತಡೆದು ಮತ್ತೊಮ್ಮೆ ತಗೊಂಡದ್ದೂ ಆಯಿತು. ಎಲ್ಲಾ ಸುರಳೀತ ನಡೆದಾಗ, ನಮ್ಮ ಪಕ್ಕದ ಮನೆಯ ಗುಂಡಮ್ಮ ಒಂದು ಸಂಜೆ ಕಟ್ಟೆಗೆ ಬಂದು ಕೂತಳು. ಮನ್ನಾಏಖೇಳ್ಳಿಯ ತನ್ನ ಬೀಗರ ಪೈಕಿ ಯಾರೋ ಹೇಳಿದರಂತೆ, ಕಟ್ಟಿಸುವ ಹಲ್ಲು ಮಾಡುವುದು ಎಲುಬಿನಿಂದಂತೆ. "ಯಾವ ದನದ್ದೋ, ಯಾವ ಕುದರಿದ್ದೋ, ಯಾರಿಗಿ ಗೊತ್ತವ್ವಾ" ಎಂದು ಸೆರಗು ಬಾಯಿಗೆ ಹಿಡಿದಳು.

ಆಯಿ ಅಂದು ಅಂಬಲಿಯನ್ನೂ ಕುಡಿಯಲಿಲ್ಲ. ತತ್ತಿಯ ಸಿಪ್ಪೆ ಬಿದ್ದ ದಾರಿಯನ್ನು ಸುತ್ತಿ ಬಳಸಿ ಹೋಗುವ ಹೆಂಗಸು ಆಕೆ. ಮರುದಿನ ನನ್ನನ್ನು ದನದ ಕೊಟ್ಟಿಗೆಯ ಕಡೆ ಕರೆದೊಯ್ದು, "ದೇವರ ಹೆಸರು ತಗೋಳೋ ಬಾಯಿ ಇದು. ಇದರಾಗ ಎಲುಬು ಹ್ಯಾಂಗ ಇಟ್ಕೊಳ್ಳಲಿ? ನೀ ಡಾಕ್ಟರಿಗಿ ಕೇಳು, ಸಾಲಿ ಕಲ್ತಾಕಿ ನೀನು" ಅಂದಳು. ಅಪ್ಪನಿಗೆ ಹೇಳಬೇಡ ಎಂದು ಆಣೆ ಹಾಕಿಸಿದಳು. ಮಗ ಅಷ್ಟು ಆಸೆಯಿಂದ ಮಾಡಿಸುತ್ತಿದ್ದಾನೆ, ಅವನ ಮನಸು ನೋಯಿಸಬಾರದು ಅಂತ.

ಹಲ್ಲು ಕೊಡುವ ಐತಾರ ಬಂತು. ನಾನು ಡಾಕ್ಟರನ್ನು ಕೇಳಿದೆ. ಅವರು ಒಳ್ಳೆಯವರೇ, ನಕ್ಕು, ಇಲ್ಲಮ್ಮ, ಇದು ಅಕ್ರಿಲಿಕ್ ಅಂದರು. ಹೊರಗೆ ಬಂದ ಕೂಡಲೇ ಆಯಿ ಮೆಲ್ಲಗೆ ಕೇಳಿದಳು, "ಅದು ಯಾವ ಪ್ರಾಣಿ?" ನನಗೂ ಗೊತ್ತಿರಲಿಲ್ಲ.

ಡಾಕ್ಟರ ಮುಂದೆ ಮರ್ಯಾದೆಗೆ ಬಾಯಲ್ಲಿ ಇಟ್ಟುಕೊಂಡಿದ್ದಳು. ಬೀದಿಯ ತಿರುವಿನಲ್ಲಿ ಗೋಡೆಯ ಕಡೆ ಮುಖ ಮಾಡಿ ತೆಗೆದು, ಸೆರಗಿನ ತುದಿಗೆ ಗಂಟು ಹಾಕಿದಳು. ಶಾಂತಕ್ಕನ ಹೋಟೆಲಿನ ಕೊಡದ ನೀರು ಮೊಗೆದು ಬಾಯಿ ಮುಕ್ಕಳಿಸಿದಳು, ಮತ್ತೆ ಮುಕ್ಕಳಿಸಿದಳು, ಮತ್ತೆ. ಬೆಂಚಿಗೆ ಬಂದು ಕೂತು ಸುಸಲಾದ ತಾಟು ಎದುರಿಗಿಟ್ಟರೆ ಕೈ ಹಚ್ಚಲಿಲ್ಲ. ಮಿರ್ಚಿ ಮೂಸಲಿಲ್ಲ ಕೂಡ. ಬಾಯಿ ಮೈಲಿಗೆ ಆಗ್ಯಾದ, ಮನಿಗಿ ಹೋಗಿ ಸ್ನಾನ ಮಾಡಿ ಪೂಜಾ ಮಾಡಿದ ಮ್ಯಾಲೇ ನೀರು ಅಂದಳು. ಅಪ್ಪನಿಗೆ ಏನು ಹೇಳುವುದು, ಆಯಿ ಚಳಿಗಾಲ ಕಾಣುತ್ತಾಳೋ ಇಲ್ಲವೋ ಎಂಬ ಚಿಂತೆಯಲ್ಲಿ ನನ್ನ ತಾಟಿಗೂ ನಾನು ಕೈ ಹಾಕಲಿಲ್ಲ.

ಶಾಂತಕ್ಕ ಭಜಿ ಎತ್ತುವ ಝಾರಿ ಕೆಳಗಿಟ್ಟು, ಬಾಣಲೆಯ ಕೆಳಗಿನ ಕಟ್ಟಿಗೆ ಹಿಂದಕ್ಕೆಳೆದು, ಎದ್ದು ಬಂದಳು. ಆಕೆ ಒಲೆ ಬಿಟ್ಟು ಎದ್ದದ್ದನ್ನು ನಾನು ಕಂಡದ್ದು ಅದೇ ಮೊದಲು.

"ಯಾಕ ಆಯಿ, ಇವತ್ತ ನನ್ನ ಕೈಯಾಗ ಏನರ ತಪ್ಪಾತೇನ್ರಿ?"

ಆಯಿ ತಲೆ ಅಲ್ಲಾಡಿಸಿದಳು. ನಾನೇ ಎಲ್ಲಾ ಹೇಳಿದೆ. ಎಲುಬಿನ ಮಾತು, ಗುಂಡಮ್ಮನ ಬೀಗರು, ಡಾಕ್ಟರು ಹೇಳಿದ ಪ್ರಾಣಿಯ ಹೆಸರು. ಶಾಂತಕ್ಕ ನಗಲಿಲ್ಲ. ಆಯಿಯ ಬಾಜೂಕೆ ಬೆಂಚಿನ ಮೇಲೆ ಕೂತಳು.

"ಆಯಿ, ನನ್ನ ಹಲ್ಲು ಹ್ಯಾಂಗ ಅದಾವ್ರಿ?"

"ನಿನಗೇನವ್ವಾ, ದೇವರು ಕೊಟ್ಟಾವು."

"ದೇವರು ಕೊಟ್ಟಾವು ಹೋಗಿ ಭಾಳ ದಿನ ಆತ್ರಿ," ಎಂದು ಶಾಂತಕ್ಕ ಗಿರಾಕಿಗಳಿಗೆ ಬೆನ್ನು ತಿರುವಿ, ಸೆರಗು ಅಡ್ಡ ಹಿಡಿದು, ಬಾಯಿಗೆ ಕೈ ಹಾಕಿದಳು. ಅಂಗೈ ಮುಂದೆ ಚಾಚಿದಾಗ ಆ ಮಲ್ಲಿಗೆ ಮೊಗ್ಗಿನ ಸಾಲು ಅಷ್ಟೂ ಅದರ ಮೇಲಿತ್ತು. ಆಕೆಯ ಮುಖ ಒಮ್ಮೆಲೇ ಸಣ್ಣದಾಗಿ, ನಮ್ಮ ಆಯಿಯ ಮುಖದ ಹಾಗೇ ಆಗಿಹೋಯಿತು. ಬೊಚ್ಚು ಬಾಯಲ್ಲೇ ಹೇಳಿದಳು, "ಎಲುಬು ಇದ್ದಿದ್ದರ ನಾ ಇಟ್ಕೊಂಡು ದಿನಾ ದೇವರಿಗಿ ನೈವೇದ್ಯ ಮಾಡ್ತಿದ್ದಿಲ್ರಿ. ಮೊದಲ ನಾನೂ ಹೆದರಿದ್ದೆ. ಬಾಲ್ಟಿ ಮಾಡೋ ಪ್ಲಾಸ್ಟಿಕ್ ಇರ್ತದ ನೋಡ್ರಿ, ಅದರ ಅಕ್ಕ-ತಂಗಿ ಇದು. ನನ್ನ ಗಂಡನ್ನ ಬಿಟ್ಟರ ಈ ಊರಾಗ ಯಾರಿಗೂ ಗೊತ್ತಿಲ್ಲ. ಈಗ ನಿಮಗ, ಈ ಪೋರಿಗಿ."

ಆಯಿ ಬಾಗಿ ಆ ಹಲ್ಲುಗಳನ್ನು ನೋಡಿದಳು. ಮುಟ್ಟಲಿಲ್ಲ. ಆಮೇಲೆ ಶಾಂತಕ್ಕನ ಮುಖ ನೋಡಿದಳು. ಅದನ್ನೇ ಹೆಚ್ಚು ಹೊತ್ತು ನೋಡಿದಳು. ಇಷ್ಟು ಐತಾರ ಆಕೆ ಕಣ್ಣು ಹಾಕಿ ಹೊಟ್ಟೆಕಿಚ್ಚು ಪಟ್ಟದ್ದು ಈ ಹಲ್ಲಿನ ಮೇಲೆಯೇ! ಆಯಿಯ ಹೆಗಲು ಕುಣಿಯತೊಡಗಿದವು. ಅಳುತ್ತಿದ್ದಾಳೆ ಎಂದು ನಾನು ಹೆದರಿದೆ. ನಗುತ್ತಿದ್ದಳು. ಶಾಂತಕ್ಕನೂ ನಗತೊಡಗಿದಳು. ಇಬ್ಬರು ಬೊಚ್ಚುಬಾಯಿಯ ಹೆಂಗಸರು ಒಂದೇ ಸೆರಗಿನ ಮರೆಯಲ್ಲಿ ತಲೆ ತಲೆ ತಾಗಿಸಿ ನಕ್ಕದ್ದನ್ನು ನಾನು ಒಬ್ಬಳೇ ನೋಡಿದ್ದು.

ಶಾಂತಕ್ಕ ಚಹಾದ ಒಲೆಯಿಂದ ಬಿಸಿನೀರು ತಂದುಕೊಟ್ಟಳು. ಅದು ಕೈಗೆ ತಾಳುವಷ್ಟು ಆರಿದ ಮೇಲೆ ಆಯಿ ಸೆರಗಿನ ಗಂಟು ಬಿಚ್ಚಿ ಹಲ್ಲು ತೊಳೆದಳು. ಸೊಂಟದ ಸಂಚಿಯಿಂದ ವಿಭೂತಿ ಗಟ್ಟಿ ತೆಗೆದು ಮೂರು ಬೆರಳಿಗೆ ಹಚ್ಚಿಕೊಂಡು ಹಲ್ಲಿಗೆ ಮೇಲೊಮ್ಮೆ ಕೆಳಗೊಮ್ಮೆ ಎಳೆದಳು. ಹಲ್ಲಿಗೆ ವಿಭೂತಿ ಹಚ್ಚಿದವಳು ಬಹುಶಃ ಈ ಸೀಮೆಯಲ್ಲಿ ನಮ್ಮ ಆಯಿ ಒಬ್ಬಳೇ ಇರಬೇಕು. ಆಮೇಲೆ ಕಣ್ಣು ಮುಚ್ಚಿ ಬಾಯಿಗಿಟ್ಟುಕೊಂಡು, ಮೊದಲ ಮಾತು ಶಿವಾ ಅಂದಳು. ಅದು ಸೀಟಿ ಊದಿದ ಹಾಗೆ ಹೊರಟಿತು. ಮತ್ತೆ ಅಂದಳು. ಮೂರನೇ ಸಲಕ್ಕೆ ಸರಿಯಾಗಿ ಬಂತು.

"ಬಾಯಾಗ ಬೀಗರು ಬಂದು ಕುಂತಂಗ ಆಗ್ಯಾದಲ್ಲ ಶಾಂತವ್ವಾ" ಅಂದಳು ಆಯಿ.

"ಬೀಗರು ಅಂದಮ್ಯಾಲ ನಾಕು ದಿನ ತಕರಾರು ಇರೋದೇ ರೀ. ಆಮ್ಯಾಲ ಮನಿಯವರೇ ಆಗ್ತಾರ."

ಡಾಕ್ಟರು ಮೊದಲು ಮೆತ್ತಗಿನದೇ ತಿನ್ನಿ ಅಂದಿದ್ದರು. ಆಯಿ ಸುಸಲಾ ಉಂಡಳು. ತಾಟಿನಲ್ಲಿ ಒಂದು ಕಾಳು ಬಿಡದೆ ಉಂಡಳು. ಕಡೀಕೆ ಮಿರ್ಚಿ ಎತ್ತಿ, ಮೂಸಿ, ನಾನು ನೋಡುತ್ತಿದ್ದಂತೆ ಅದರ ಗರಿಗರಿ ತುದಿಯನ್ನು ಕಡಿದಳು. ನೋವಾಯಿತೋ ಏನೋ, ಕಣ್ಣಲ್ಲಿ ನೀರು ಬಂತು. ಉಗುಳಲಿಲ್ಲ. ಉಳಿದದ್ದನ್ನು ನನಗೆ ಕೊಡಲೂ ಇಲ್ಲ.

ಆಯಿ ಆ ಚಳಿಗಾಲ ಕಂಡಳು. ಅದರ ಮುಂದಿನ ಎಷ್ಟೋ ಚಳಿಗಾಲ ಕಂಡಳು. ಎಳ್ಳಮವಾಸ್ಯೆಗೆ ಹೊಲದಲ್ಲಿ ಕೂತು ಖಡಕ್ ರೊಟ್ಟಿ ಕಡಿಯುವ ಸಪ್ಪಳ ನಮಗೆಲ್ಲ ಕೇಳುವಂತೆ ಕಡಿದಳು. ಗುಂಡಮ್ಮನ ಹಲ್ಲು ಬಿದ್ದಾಗ, ಆಕೆಯನ್ನು ಹುಮನಾಬಾದಿಗೆ ಕರೆದುಕೊಂಡು ಹೋದವಳೂ ಆಯಿಯೇ. ಆಯಿ ಲಿಂಗದಲ್ಲಿ ಕೂಡಿದ ದಿನ ಅವ್ವ ಆ ಹಲ್ಲು ತೊಳೆದು, ವಿಭೂತಿ ಹಚ್ಚಿ, ಆಯಿಯ ಬಾಯಿಗಿಟ್ಟು ಕಳಿಸಿದಳು. ಶಾಂತಕ್ಕನ ಗುಟ್ಟನ್ನು ಮಾತ್ರ ಆಯಿ ಯಾರ ಮುಂದೂ ಬಾಯಿ ಬಿಡಲಿಲ್ಲ. ನಾನೂ ಇಲ್ಲ. ಈಗ ಶಾಂತಕ್ಕನೂ ಇಲ್ಲ, ಬರೆದರೆ ಬ್ಯಾಸರ ಮಾಡಿಕೊಳ್ಳಲಾರಳು.

ಮುಂಜಾನೆ ಪೂಜೆಗೆ ಕೂತಾಗ ದೇವರು ನಮ್ಮ ಮೇಲೆ ಮಾಡಿದ ಸಣ್ಣಪುಟ್ಟ ದಯೆಗಳನ್ನು ನೆನೆಯುವುದು ನನ್ನ ರೂಢಿ. ಮಗಳ ಕೆಮ್ಮು ಹೋದದ್ದು, ನಳ ಬಂದದ್ದು, ಹಾಲು ಉಕ್ಕದೆ ಉಳಿದದ್ದು. ಆ ಸಾಲಿನಲ್ಲಿ ಶಾಂತಕ್ಕನ ಅಂಗೈಯೂ ಬರುತ್ತದೆ.

ಹೋದ ಐತಾರ ಮಗಳು ಇಲ್ಲೇ ಬಸವಕಲ್ಯಾಣದ ಹೊಸದೊಂದು ಹೋಟೆಲಿಗೆ ಕರೆದೊಯ್ದಳು. ಸ್ವಚ್ಛ ಇತ್ತು, ಕೈ ತೊಳೆಯಲು ಬಿಸಿನೀರಿತ್ತು, ದ್ವಾಶಿ ಗರಿಗರಿ ಇತ್ತು. ಮೆನು ಕಾರ್ಡಿನಲ್ಲಿ ಸುಸಲಾ ಕೂಡ ಇತ್ತು, ತರಿಸಿದೆ, ತಪ್ಪು ತೆಗೆಯುವ ಹಾಗಿರಲಿಲ್ಲ. ಹ್ಯಾಂಗಿತ್ತು ಅವ್ವಾ ಎಂದು ಮಗಳು ಕೇಳಿದರೆ ಛಲೋ ಇತ್ತು ಅಂದೆ, ಸುಳ್ಳಲ್ಲ. ಬಾಜೂ ಮೇಜಿನಲ್ಲಿ ಒಬ್ಬ ಮುದುಕಿ ತನ್ನ ತಾಟಿನಲ್ಲಿ ಅರ್ಧ ಹಾಗೆಯೇ ಬಿಟ್ಟು ಕೂತಿದ್ದಳು. ಮನೆಯವರು ಫೋಟೋ ತಗೊಳ್ಳುತ್ತಿದ್ದರು. ಮಾಣಿ ಬಂದು ತಾಟು ಎತ್ತಿಕೊಂಡು ಹೋದ.

ಆ ಹೋಟೆಲಿನ ಅಡಿಗೆಮನೆಗೆ ಒಂದು ಗೋಡೆ, ಗೋಡೆಗೊಂದು ಕಿಂಡಿ. ಕಿಂಡಿಯಲ್ಲಿ ಬರೇ ಕೈ ಕಾಣುತ್ತವೆ, ತಾಟು ಇಡುವ ಕೈ. ಒಳಗೆ ಒಲೆಯ ಮುಂದೆ ಯಾರು ಕೂತಿದ್ದಾರೋ ನಮಗೆ ಕಾಣುವುದಿಲ್ಲ. ಹೊರಗೆ ಯಾರು ಉಣ್ಣದೆ ಕೂತಿದ್ದಾರೆಂದು ಅವರಿಗೂ ಕಾಣುವುದಿಲ್ಲ.