ಗೋಲಿನ ಮುಂದೆ ಮಗಳು

ಮಗಳು ಐಸ್ ಹಾಕಿ ಆಡಲು ಲಡಾಖಿಗೆ ಹೋದ ಚಳಿಗಾಲದಲ್ಲಿ ನಾನು ಆ ಆಟದ ಚರಿತ್ರೆ ಓದತೊಡಗಿದೆ. ಕಂಪ್ಲಿಯ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು ನಾನು. ಭಯವಾದಾಗ ಓದುವುದು ಬಿಟ್ಟರೆ ಬೇರೆ ದಾರಿ ಗೊತ್ತಿಲ್ಲ. ಹೊಸಪೇಟೆಯ ಮೈದಾನದಲ್ಲಿ ಚಕ್ರದ ಸ್ಕೇಟ್ ಕಟ್ಟಿಕೊಂಡು ಹಾಕಿ ಆಡುತ್ತಿದ್ದವಳನ್ನು ಮಂಜುಗಡ್ಡೆಯ ಆಟಕ್ಕೂ ಆರಿಸಿದ್ದರು. ಅದೂ ಗೋಲ್‌ಕೀಪರ್ ಆಗಿ. ನಮ್ಮ ಮನೆಯಲ್ಲಿ ಹೆಪ್ಪುಗಟ್ಟಿದ ಕೆರೆಯನ್ನು ಕಂಡವರೇ ಇಲ್ಲ.

ಓದಿದಷ್ಟೂ ಅಂಜಿಕೆ ಹೆಚ್ಚಾಯಿತು. ಕೆನಡಾದಲ್ಲಿ ಮೊದಲು ಇದನ್ನು ಗಡ್ಡೆಗಟ್ಟಿದ ಕೊಳ, ಹೊಳೆಗಳ ಮೇಲೆ ಆಡುತ್ತಿದ್ದರಂತೆ. ಅಲ್ಲಿನ ಮೂಲನಿವಾಸಿಗಳು ಕೋಲು ಕೆತ್ತಿಕೊಟ್ಟರು. ಬ್ರಿಟನ್ನಿನಿಂದ ಬಂದ ಸೈನಿಕರು ತಮ್ಮ ಕಡೆಯ ಚೆಂಡು–ಕೋಲಿನ ಆಟಗಳನ್ನು ಬೆರೆಸಿದರು. ಆಟ ಸೂರಿನ ಕೆಳಗೆ ಬಂದಾಗ, ಚೆಂಡು ಪುಟಿದು ನೋಡುವವರಿಗೆ ಬಡಿಯಬಾರದೆಂದು ಮರದ ಚಪ್ಪಟೆ ಬಿಲ್ಲೆ ಮಾಡಿದರು. ರಬ್ಬರಿನದು ಆಮೇಲೆ ಬಂತು. ನೋಡುವವರ ಚಿಂತೆ ಮಾಡಿದವರು ಗೋಲ್‌ಕೀಪರನ ಚಿಂತೆ ಮಾಡಿರಲಿಲ್ಲ. ಅವನ ಮುಖಕ್ಕೆ ಯಾವ ಮರೆಯೂ ಇರುತ್ತಿರಲಿಲ್ಲ. ಮಂಡಿಯೂರಿ ತಡೆಯುವಂತೆಯೂ ಇರಲಿಲ್ಲ, ನಿಂತೇ ಇರಬೇಕು.

ನನ್ನ ಗಂಡ ಸಂಡೂರಿನ ಗಣಿಯೊಂದರಲ್ಲಿ ಸುರಕ್ಷತೆಯ ಕೆಲಸ ನೋಡಿಕೊಳ್ಳುತ್ತಾರೆ. ಈಗಿನ ಗೋಲ್‌ಕೀಪರುಗಳು ತಲೆಯಿಂದ ಕಾಲಿನವರೆಗೆ ರಕ್ಷಣೆ ಕಟ್ಟಿಕೊಂಡೇ ಆಟಕ್ಕೆ ಇಳಿಯುತ್ತಾರೆ ಎಂದು ಅವರು ಎಷ್ಟು ಸಲ ಹೇಳಿದರೂ ನನ್ನ ಕಣ್ಣಿಗೆ ಕಟ್ಟಿದ್ದು ಆ ಬರಿಮುಖವೇ.

ಪಂದ್ಯದ ದಿನ ಅವಳ ಫೋನು ಹತ್ತಲಿಲ್ಲ. ಕಾಲೇಜು ಮುಗಿಸಿ ಕಂಪ್ಲಿಯಿಂದ ನಾನು ಬರುತ್ತಿದ್ದ ಬಸ್ಸು ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ನಿಂತುಬಿಟ್ಟಿತ್ತು. ಅವಳ ನಂಬರು ಮತ್ತೆ ಮತ್ತೆ ಒತ್ತುತ್ತಲೇ ಇದ್ದೆ. ಕೊನೆಗೆ ಫೋನು ಬಂದಿದ್ದು ಅವಳ ಜೊತೆ ಹೋಗಿದ್ದ ನಮ್ಮೂರಿನ ಕೋಚ್‌ದು.

“ಮೇಡಂ, ಗಾಬರಿ ಆಗಬ್ಯಾಡ್ರಿ. ಬಿಲ್ಲೆ ಹೆಗಲಿಗೆ ಬಡದೈತಿ. ಎಲುಬು ಬಿರುಕು ಬಿಟ್ಟೈತಿ ಅಂದ್ರು ಡಾಕ್ಟ್ರು. ಹುಷಾರದಾಳ.”

ಕೊನೆಯ ಮಾತು ನನಗೆ ಕೇಳಿಸಲೇ ಇಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಗಸು ಏನಾಯ್ತೆಂದು ಕೇಳಿ, ತನ್ನ ನೀರಿನ ಬಾಟಲಿ ಕೊಟ್ಟಳು. ಕುಡಿಯಲು ಹೋಗಿ ಸೀರೆಯ ಮೇಲೆಲ್ಲ ಚೆಲ್ಲಿಕೊಂಡೆ.

ಹೊಸಪೇಟೆ ಸ್ಟೇಷನ್ನಿನಲ್ಲಿ ಅವಳು ತೋಳನ್ನು ಕೊರಳಿಗೆ ತೂಗುಹಾಕುವ ಜೋಳಿಗೆ ಪಟ್ಟಿ ಕಟ್ಟಿಕೊಂಡು ಇಳಿದಾಗ, ಹೊಡೆತ ಬಿದ್ದದ್ದು ನನಗೇ ಎನ್ನುವಂತೆ ಅವಳೇ ನನ್ನ ಬೆನ್ನು ಸವರಿದಳು. ಆಟೋದಲ್ಲಿ ನಾನು ಓದಿದ್ದನ್ನೆಲ್ಲ ಹೇಳಿ, ಆ ಕಾಲದ ಕೀಪರುಗಳ ಗತಿ ನೋಡು ಎಂದೆ. ಹೆದರಿ ಬಿಟ್ಟುಬಿಡಲಿ ಎಂಬ ಆಸೆ. ಅವಳು ನಕ್ಕಳು.

“ನಿಂತ್ಕೊಂಡೇ ತಡೀಬೇಕು ಅಂದ್ರ ನಾ ಈ ಆಟಕ್ಕ ಬರ್ತಿದ್ದಿಲ್ಲಮ್ಮ. ನೆಲಕ್ಕ ಬಿದ್ದು ತಡಿಯೋದ್ರಾಗನ ಮಜಾ ಐತಿ.”

ಮುಂದಿನ ಚಳಿಗಾಲಕ್ಕೂ ಹೋಗುವುದಾಗಿ ಹೇಳಿದಳು. ನಾನು ಜಾರಿದ್ದ ಅವಳ ಪಟ್ಟಿಯನ್ನು ಮೇಲೆಳೆದು ಸರಿಮಾಡಿದೆ.

ಎಲುಬು ಕೂಡಿದ ಮೇಲೆ ಒಂದು ಬೆಳಿಗ್ಗೆ ಅವಳು ನನ್ನನ್ನೇ ಮೈದಾನಕ್ಕೆ ಎಳೆದುಕೊಂಡು ಹೋಗಿ, ಚೆಂಡು ಎಸೆಯಲು ಹೇಳಿ ಗೋಲಿನ ಮುಂದೆ ಬಗ್ಗಿ ನಿಂತಳು. ನಾನು ಮೆಲ್ಲಗೆ ಉರುಳಿಸಿದೆ. ಜೋರಾಗಿ ಎಸೆಯಬೇಕೆಂದಳು. ಕಣ್ಣು ಮುಚ್ಚಿ ಬೀಸಿ ಎಸೆದೆ.